ತಂಗಿಯ ಪಾಲಿನ ಗಂಜಿ: ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಬರೆದ ನೊಸಾಕಾ ಅಕಿಯುಕಿ ಯಾರು?

‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ನೋಡಿ ಅತ್ತವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. 2024ರಲ್ಲಿ ಅದು ನೆಟ್‌ಫ್ಲಿಕ್ಸ್‌ಗೆ ಬಂದ ಮೇಲಂತೂ ಆ ಪುಟ್ಟ ಹುಡುಗಿ, ಆ ಮಿಠಾಯಿ ಡಬ್ಬ, ಆ ಮಿಂಚುಹುಳುಗಳ ಚಿತ್ರ ಎಲ್ಲರ ಫೋನಿಗೂ ಬಂತು. ಎಲ್ಲೋ ಬಾಂಬ್ ಬಿದ್ದು ಮಕ್ಕಳು ಸತ್ತ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ಆ ಸಿನಿಮಾದ ಫೋಟೊ ಹಾಕುತ್ತಾರೆ. ನಾನೂ ಹಾಕಿದ್ದೇನೆ.

ಆದರೆ ಆ ಕಥೆ ಬರೆದವರು ಯಾರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಒಂದೇ ಸಾಲು ಹೇಳುತ್ತಾರೆ: ಲೇಖಕರ ಸ್ವಂತ ಅನುಭವ, ಅವರ ತಂಗಿ ಹೀಗೇ ಸತ್ತಳಂತೆ. ಈ ಸಾಲು ಅರ್ಧ ನಿಜ. ಉಳಿದ ಅರ್ಧವನ್ನು ಲೇಖಕರೇ ತಮ್ಮ ಕೈಯಾರೆ ಬರೆದು ಒಪ್ಪಿಕೊಂಡಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಆ ಸಿನಿಮಾವನ್ನು ಮೊದಲಿನ ಹಾಗೆ ನೋಡೋಕೆ ಆಗಲಿಲ್ಲ. ಈ ಬರಹ ಆ ಮನುಷ್ಯನ ಬಗ್ಗೆ.

ಅವರ ಹೆಸರು ನೊಸಾಕಾ ಅಕಿಯುಕಿ (ಜಪಾನಿನ ಪದ್ಧತಿಯಂತೆ ಮನೆತನದ ಹೆಸರು ಮೊದಲು). ಹುಟ್ಟಿದ್ದು 1930ರ ಅಕ್ಟೋಬರ್ 10, ತೀರಿಕೊಂಡದ್ದು 2015ರ ಡಿಸೆಂಬರ್ 9. ಈ 85 ವರ್ಷಗಳಲ್ಲಿ ಅವರು ಕಾದಂಬರಿಕಾರ, ಜಾಹೀರಾತು ಹಾಡುಗಳ ರಚನೆಕಾರ, ಮಕ್ಕಳ ಹಾಡಿನ ಕವಿ, ಗಾಯಕ, ಟಿವಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಜಗಳಕ್ಕೆ ನಿಲ್ಲುವ ಕುಡುಕ, ಅಶ್ಲೀಲತೆ ಕೇಸಿನ ಆರೋಪಿ, ಸಂಸದ, ಸೋತ ಅಭ್ಯರ್ಥಿ ಎಲ್ಲವೂ ಆಗಿದ್ದರು. ಇಷ್ಟೆಲ್ಲ ವೇಷಗಳ ಒಳಗೆ ಹಸಿದ 14 ವರ್ಷದ ಹುಡುಗನೊಬ್ಬ ಕೊನೆಯವರೆಗೂ ಕೂತಿದ್ದ.

ಕೋಬೆ, ಜೂನ್ 1945

ನೊಸಾಕಾ ಹುಟ್ಟಿದ್ದು ಟೋಕಿಯೊ ಹತ್ತಿರದ ಕಾಮಾಕುರಾದಲ್ಲಿ. ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ಮಗುವನ್ನು ಬಂದರು ನಗರ ಕೋಬೆಯಲ್ಲಿದ್ದ ಸಂಬಂಧಿಕರ ಮನೆಗೆ ದತ್ತು ಕೊಟ್ಟರು. ಅನುಕೂಲಸ್ಥರ ಮನೆ. ಅದೇ ಮನೆಗೆ ದತ್ತು ಬಂದ ಒಬ್ಬ ತಂಗಿ ಯುದ್ಧಕಾಲದಲ್ಲೇ ಕಾಯಿಲೆಯಿಂದ ಸತ್ತಳು. ಆಮೇಲೆ ಇನ್ನೊಂದು ಹೆಣ್ಣುಮಗು ಬಂತು.

ಯುದ್ಧದ ಕೊನೆಯ ವರ್ಷದಲ್ಲಿ ಅಮೆರಿಕದ ಬಿ-29 ವಿಮಾನಗಳು ಜಪಾನಿನ ನಗರಗಳ ಮೇಲೆ ಬೆಂಕಿ ಬಾಂಬ್ ಸುರಿದವು. ಕಟ್ಟಿಗೆಯ ಮನೆಗಳ ಊರುಗಳವು. ಕಡ್ಡಿ ಗೀರಿದ ಹಾಗೆ ಹತ್ತಿಕೊಳ್ಳುತ್ತಿದ್ದವು. 1945ರ ಮಾರ್ಚ್ 10ರ ಒಂದೇ ರಾತ್ರಿ ಟೋಕಿಯೊದಲ್ಲಿ ಸುಮಾರು 1 ಲಕ್ಷ ಜನ ಸತ್ತರು. ಕೋಬೆಯ ಮೇಲೆ ಮಾರ್ಚ್ 17ರಂದು ಒಮ್ಮೆ, ಜೂನ್ 5ರಂದು ಇನ್ನೊಮ್ಮೆ ದೊಡ್ಡ ದಾಳಿ ಆಯಿತು. ಆ ಜೂನ್ 5ರಂದು ನೊಸಾಕಾನ ಮನೆ ಸುಟ್ಟುಹೋಯಿತು. ಸಾಕುತಂದೆಯನ್ನು ಕಳೆದುಕೊಂಡ. ಸಾಕುತಾಯಿಗೆ ಮೈತುಂಬ ಸುಟ್ಟ ಗಾಯ. 14 ವರ್ಷದ ಹುಡುಗನ ಕೈಗೆ ಒಂದೂಕಾಲು ವರ್ಷ ದಾಟಿದ ತಂಗಿ ಬಂದಳು.

ಪಕ್ಕದ ನಿಶಿನೊಮಿಯಾದಲ್ಲಿ ಸ್ವಲ್ಪ ದಿನ, ಆಮೇಲೆ ಫುಕುಯಿ ಪ್ರಾಂತ್ಯದಲ್ಲಿ. ರೇಷನ್ ಅಕ್ಕಿ ಸಾಲುತ್ತಿರಲಿಲ್ಲ. ಆಗಸ್ಟ್ 15ರಂದು ಚಕ್ರವರ್ತಿ ರೇಡಿಯೊದಲ್ಲಿ ಶರಣಾಗತಿ ಘೋಷಿಸಿದರು. ಯುದ್ಧ ಮುಗಿಯಿತು. ಅದಾಗಿ ಒಂದು ವಾರದೊಳಗೆ ಆ ಮಗು ಅಪೌಷ್ಟಿಕತೆಯಿಂದ ಸತ್ತಿತು. ಬಾಂಬು ಬೀಳುವುದು ನಿಂತ ಮೇಲೂ ಯುದ್ಧ ಕೊಲ್ಲುತ್ತಲೇ ಇರುತ್ತದೆ ಅನ್ನೋದು ಈ ಹುಡುಗನಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ಕಳ್ಳತನ, ಬಾಲಾಪರಾಧಿ ಗೃಹ, ದೊಡ್ಡ ಹುದ್ದೆಯ ಅಪ್ಪ

ಯುದ್ಧಾನಂತರದ ಜಪಾನ್ ಎಂದರೆ ನಮಗೆ ಗೊತ್ತಿರೋದು ಬುಲೆಟ್ ಟ್ರೈನು, ಸೋನಿ, ಟೊಯೊಟಾ. ಅದಕ್ಕೂ ಮೊದಲು ಸುಟ್ಟ ಬಯಲು, ಕಾಳಸಂತೆ, ರೈಲ್ವೆ ನಿಲ್ದಾಣಗಳಲ್ಲಿ ಮಲಗಿದ ಅನಾಥ ಮಕ್ಕಳು ಇದ್ದರು. ನೊಸಾಕಾ ಆ ಲೋಕದ ಹುಡುಗ. 1947ರಲ್ಲಿ ಟೋಕಿಯೊದಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದು ಬಾಲಾಪರಾಧಿ ಗೃಹ ಸೇರಿದ. ಅಲ್ಲಿಂದ ಅವನನ್ನು ಬಿಡಿಸಿದ್ದು ಹೆತ್ತ ತಂದೆ. ಆ ತಂದೆ ಸಾಮಾನ್ಯರಲ್ಲ, ನೀಗಾತಾ ಪ್ರಾಂತ್ಯದ ಉಪ ರಾಜ್ಯಪಾಲರು.

ಅಂದರೆ, ಇವತ್ತು ಕಂಬಿ ಹಿಂದೆ ಹಸಿದು ಕೂತವನು ನಾಳೆ ಅಧಿಕಾರಿಯ ಮನೆಯ ಮಗ! ಅದೇ ಕೋಣೆಯಲ್ಲಿದ್ದ ಉಳಿದ ಹುಡುಗರಿಗೆ ಅಂಥ ಅಪ್ಪ ಇರಲಿಲ್ಲ. ತಾನು ಬದುಕಿದ್ದು ಯೋಗ್ಯತೆಯಿಂದಲ್ಲ, ಅದೃಷ್ಟದಿಂದ ಎಂಬ ಮುಜುಗರ ನೊಸಾಕಾರ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂದೆ ಅವರು ತಮ್ಮನ್ನು ‘ಸುಟ್ಟ ಬಯಲು–ಕಾಳಸಂತೆ ಪಂಥ’ದವನು ಅಂತ ಕರೆದುಕೊಂಡರು. ಇದು ಸಾಹಿತ್ಯದ ಪಂಥದ ಹೆಸರಿನಂತೆ ಕೇಳಿಸುತ್ತದೆ, ನಿಜದಲ್ಲಿ ಅದೊಂದು ವಿಳಾಸ.

ನೀಗಾತಾದಲ್ಲಿ ಓದು ಮುಂದುವರಿಸಿ 1950ರಲ್ಲಿ ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯಕ್ಕೆ ಸೇರಿದರು. ಡಿಗ್ರಿ ಮುಗಿಸಲಿಲ್ಲ. ಆಗಲೇ ಬೇರೆ ಕಡೆ ಕೆಲಸ ಹತ್ತಿಕೊಂಡಿತ್ತು.

ಹಾಡು ಬರೆದು ಹೊಟ್ಟೆ ಹೊರೆದ ಕಾಲ

1950ರ ದಶಕದ ಜಪಾನಿನಲ್ಲಿ ಖಾಸಗಿ ರೇಡಿಯೊ ಬಂತು, ಬೆನ್ನಿಗೇ ಟಿವಿ ಬಂತು. ಅದರ ಜೊತೆಗೆ ಜಾಹೀರಾತು ಹಾಡು ಎಂಬ ಹೊಸ ಕಸುಬು ಹುಟ್ಟಿತು. ನಾವು ಜಿಂಗಲ್ ಅಂತೀವಲ್ಲ, ಅದೇ. ಆ ಕಸುಬಿನ ಗುರು ಮಿಕಿ ತೊರಿರೊ ಎಂಬ ಸಂಗೀತಗಾರ. ನೊಸಾಕಾ ಅವರ ಕಚೇರಿ ಸೇರಿ ಹಾಡು, ಸ್ಕಿಟ್, ಟಿವಿ ಸ್ಕ್ರಿಪ್ಟ್ ಎಲ್ಲ ಬರೆದರು. ಇತೊ ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ಹತೊಯಾ ಹೋಟೆಲಿಗೆ ಅವರು ಬರೆದ ಜಾಹೀರಾತು ಹಾಡು ದಶಕಗಟ್ಟಲೆ ಟಿವಿಯಲ್ಲಿ ಬಂತು. ಆ ಹೋಟೆಲಿಗೆ ಕಾಲಿಡದ ಜಪಾನಿಯರಿಗೂ ಅದು ಬಾಯಿಪಾಠ.

ಇನ್ನೊಂದು ಹಾಡು ಇದಕ್ಕಿಂತ ದೊಡ್ಡದು. 1959ರಲ್ಲಿ ಅವರು ‘ಒಮೊಚಾ ನೊ ಚಾ ಚಾ ಚಾ’ ಬರೆದರು. ಎಲ್ಲರೂ ಮಲಗಿದ ಮೇಲೆ ಮನೆಯ ಆಟಿಕೆಗಳು ಪೆಟ್ಟಿಗೆಯಿಂದ ಹೊರಬಂದು ಕುಣಿಯುವ ಹಾಡು. ಸಂಗೀತ ಕೊಶಿಬೆ ನೊಬುಯೊಶಿ ಅವರದು. ಮಕ್ಕಳಿಗೆ ಹೊಂದುವ ಹಾಗೆ ಸಾಹಿತ್ಯವನ್ನು ಯೊಶಿಯೊಕಾ ಒಸಾಮು ತಿದ್ದಿದರು. 1963ರಲ್ಲಿ ಅದಕ್ಕೆ ಜಪಾನ್ ರೆಕಾರ್ಡ್ ಪ್ರಶಸ್ತಿಯ ಮಕ್ಕಳ ಹಾಡಿನ ವಿಭಾಗದಲ್ಲಿ ಬಹುಮಾನ ಬಂತು. ಇವತ್ತಿಗೂ ಜಪಾನಿನ ಶಿಶುವಿಹಾರಗಳಲ್ಲಿ ಮಕ್ಕಳು ಇದಕ್ಕೆ ಕುಣಿಯುತ್ತಾರೆ.

ಈ ಹಾಡನ್ನು ನಾನು ಮೊದಲ ಸಲ ಯೂಟ್ಯೂಬಿನಲ್ಲಿ ಕೇಳಿದಾಗ ಬರೆದವರು ಯಾರೆಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ತಲೆಯಲ್ಲಿ ಉಳಿದದ್ದು ಒಂದೇ: ಆಟಿಕೆ ಹಿಡಿಯುವ ವಯಸ್ಸಿಗೂ ಬರದೆ ಸತ್ತ ತಂಗಿಯ ಅಣ್ಣ ಬರೆದ ಹಾಡು ಇದು. ನೊಸಾಕಾ ಈ ಎರಡನ್ನೂ ಜೋಡಿಸಿ ನೋಡಿದರೋ ಇಲ್ಲವೋ, ನಾನಂತೂ ಜೋಡಿಸದೆ ಇರಲಾರೆ.

ಗೀತರಚನೆಯಿಂದ ರಾಜಕೀಯಕ್ಕೆ ಹೋದವರಲ್ಲಿ ನೊಸಾಕಾ ಒಬ್ಬರೇ ಅಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡಬೇಕು. ‘ಸೂದಾರಾ ಬುಶಿ’ ಎಂಬ ಭಾರಿ ಹಿಟ್ ಹಾಡು ಬರೆದ ಅವೊಶಿಮಾ ಯುಕಿಯೊ ಮುಂದೆ ಸಂಸದರಾದರು, 1981ರಲ್ಲಿ ನೊಸಾಕಾ ಪಡೆದಿದ್ದ ನಾವೊಕಿ ಪ್ರಶಸ್ತಿಯನ್ನೇ ಪಡೆದರು, 1995ರಲ್ಲಿ ಟೋಕಿಯೊದ ರಾಜ್ಯಪಾಲರಾಗಿ ಚುನಾಯಿತರಾದರು. ಟಿವಿಯ ಜೊತೆಗೇ ಬೆಳೆದ ಈ ತಲೆಮಾರಿಗೆ ಹಾಡು, ಹಾಸ್ಯ, ಕಾದಂಬರಿ, ಚುನಾವಣೆ ಬೇರೆ ಬೇರೆ ಕೋಣೆಗಳಾಗಿರಲಿಲ್ಲ.

ನೀಲಿಚಿತ್ರ ಮಾರುವವರ ಕಾದಂಬರಿ

1963ರಲ್ಲಿ ನೊಸಾಕಾ ಕಾದಂಬರಿಕಾರರಾಗಿ ಕಾಣಿಸಿಕೊಂಡರು. ಪುಸ್ತಕದ ಹೆಸರು ‘ಎರೊಗೊತೊಶಿ-ತಾಚಿ’. ಇಂಗ್ಲಿಷಿನಲ್ಲಿ ‘ದಿ ಪೋರ್ನೋಗ್ರಾಫರ್ಸ್’. ಒಸಾಕಾದಲ್ಲಿ ಕದ್ದುಮುಚ್ಚಿ ನೀಲಿಚಿತ್ರ ತಯಾರಿಸಿ ಮಾರುವ ಒಂದು ಗುಂಪಿನ ಕಥೆ. ಅವರು ತಮ್ಮನ್ನು ಕಳ್ಳರೆಂದುಕೊಳ್ಳುವುದಿಲ್ಲ. ಆರ್ಥಿಕ ಪವಾಡದಲ್ಲಿ ಹಗಲೂ ರಾತ್ರಿ ದುಡಿದು ಬತ್ತಿಹೋದ ಗಂಡಸರಿಗೆ ಸೇವೆ ಮಾಡುತ್ತಿದ್ದೇವೆ ಎಂಬ ಭ್ರಮೆಯಲ್ಲಿರುತ್ತಾರೆ. ನಗು ತರಿಸುತ್ತಲೇ ಹೊಟ್ಟೆ ತೊಳಸುವ ಪುಸ್ತಕ. ಮಿಶಿಮಾ ಯುಕಿಯೊ ಮೆಚ್ಚಿಕೊಂಡರು. 1966ರಲ್ಲಿ ಇಮಾಮುರಾ ಶೋಹೆಯ್ ಸಿನಿಮಾ ಮಾಡಿದರು.

ನೊಸಾಕಾರ ಗದ್ಯದ ರೀತಿ ಇಲ್ಲೇ ಸಿದ್ಧವಾಗಿತ್ತು. ಫುಲ್‌ಸ್ಟಾಪ್ ಹಾಕದೆ ಅಲ್ಪವಿರಾಮಗಳ ಮೇಲೆ ಉರುಳಿಕೊಂಡು ಹೋಗುವ ಉದ್ದುದ್ದ ವಾಕ್ಯಗಳು, ಮಧ್ಯೆ ಒಸಾಕಾ–ಕೋಬೆ ಕಡೆಯ ಆಡುಮಾತು, ಹಳೆಯ ಕಥೆ ಹೇಳುವವರ ಲಯ. ಎದುರಿಗೆ ಕೂತು ಉಸಿರು ಬಿಡದೆ ಹೇಳುತ್ತಾರೇನೋ ಅನಿಸುತ್ತದೆ. ಅದನ್ನು ಅನುವಾದಿಸುವುದು ಯಾಕೆ ಕಷ್ಟ ಅನ್ನೋದೂ ಇದರಿಂದ ಅರ್ಥವಾಗುತ್ತದೆ.

1967: ಎರಡು ಕಥೆ, ಒಂದು ಪ್ರಶಸ್ತಿ

1967ರ ಶರತ್ಕಾಲದಲ್ಲಿ ಬೆನ್ನುಬೆನ್ನಿಗೆ ಎರಡು ಕಥೆಗಳು ಪ್ರಕಟವಾದವು: ‘ಅಮೆರಿಕಾ ಹಿಜಿಕಿ’ ಮತ್ತು ‘ಹೊತಾರು ನೊ ಹಾಕಾ’. ಎರಡಕ್ಕೂ ಸೇರಿ ಆ ವರ್ಷದ ಉತ್ತರಾರ್ಧದ ನಾವೊಕಿ ಪ್ರಶಸ್ತಿ ಬಂತು. ಜಪಾನಿನಲ್ಲಿ ‘ಗಂಭೀರ’ ಸಾಹಿತ್ಯದ ಹೊಸಬರಿಗೆ ಅಕುತಾಗಾವಾ ಪ್ರಶಸ್ತಿ, ಜನಪ್ರಿಯ ಸಾಹಿತ್ಯಕ್ಕೆ ನಾವೊಕಿ. ನೊಸಾಕಾಗೆ ಸಿಕ್ಕಿದ್ದು ಎರಡನೆಯದು.

‘ಅಮೆರಿಕಾ ಹಿಜಿಕಿ’ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ರಾಜಕೀಯವಾಗಿ ಅದೇ ಹೆಚ್ಚು ಚೂಪಾದ ಕಥೆ. ಹಿಜಿಕಿ ಎಂದರೆ ಒಂದು ಬಗೆಯ ಕಪ್ಪು ಕಡಲಸೊಪ್ಪು. ಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ವಿಮಾನ ಪ್ಯಾರಾಶೂಟಿನಲ್ಲಿ ಬೀಳಿಸಿದ ಪೆಟ್ಟಿಗೆ ಜನರಿಗೆ ಸಿಗುತ್ತದೆ. ಅದರೊಳಗಿನ ಕರಿ ಎಲೆಗಳನ್ನು ಹಿಜಿಕಿ ಅಂದುಕೊಂಡು ಬೇಯಿಸಿ ತಿನ್ನುತ್ತಾರೆ, ಅದು ಚಹಾಪುಡಿ! ಎರಡು ದಶಕದ ನಂತರ, ಆಗ ಹುಡುಗನಾಗಿದ್ದ ತೊಶಿಯೊ ಈಗ ಜಾಹೀರಾತು ಚಿತ್ರ ಮಾಡುವ ಅನುಕೂಲಸ್ಥ. ಹೆಂಡತಿ ಹವಾಯಿಯಲ್ಲಿ ಪರಿಚಯ ಮಾಡಿಕೊಂಡ ವಯಸ್ಸಾದ ಅಮೆರಿಕನ್ ದಂಪತಿ ಅವನ ಮನೆಗೆ ಅತಿಥಿಗಳಾಗಿ ಬರುತ್ತಾರೆ. ತೊಶಿಯೊ ಒಳಗೊಳಗೇ ಕುದಿಯುತ್ತಾನೆ, ಆದರೂ ಆ ಅಮೆರಿಕನ್ನನನ್ನು ಖುಷಿಪಡಿಸಲು ಬೀಳದ ಪಾಡಿಲ್ಲ. ಕೈಯಲ್ಲಿ ದುಡ್ಡಿದೆ, ಮನಸ್ಸು ಮಾತ್ರ ಇನ್ನೂ ಆ ಪೆಟ್ಟಿಗೆ ಬೀಳುವುದನ್ನೇ ಕಾಯುತ್ತಿದೆ. ಸೋತ ದೇಶ ಶ್ರೀಮಂತವಾದರೂ ಸೋಲು ಮೈಯಲ್ಲಿ ಹೇಗೆ ಉಳಿಯುತ್ತದೆ ಅನ್ನೋದನ್ನು ಇಷ್ಟು ನಿರ್ದಯವಾಗಿ ಹೇಳಿದ ಕಥೆ ನಾನು ಕಡಿಮೆ ಓದಿದ್ದೇನೆ.

‘ಹೊತಾರು ನೊ ಹಾಕಾ’ ಅಂದರೆ ಮಿಂಚುಹುಳುಗಳ ಸಮಾಧಿ. ಶೀರ್ಷಿಕೆಯಲ್ಲಿ ‘ಹೊತಾರು’ ಎಂಬುದನ್ನು ಮಿಂಚುಹುಳುವಿನ ಸಾಮಾನ್ಯ ಅಕ್ಷರದಲ್ಲಿ ಬರೆದಿಲ್ಲ. ‘ಬೆಂಕಿ’ ಮತ್ತು ‘ಜೋತುಬೀಳು’ ಎಂಬ ಅರ್ಥದ ಎರಡು ಅಕ್ಷರ ಸೇರಿಸಿ ಬರೆದಿದ್ದಾರೆ. ಓದುವಾಗ ಮಿಂಚುಹುಳು, ಕಣ್ಣಿಗೆ ಕಾಣುವುದು ಆಕಾಶದಿಂದ ತೊಟ್ಟಿಕ್ಕುವ ಬೆಂಕಿ.

ಕಥೆ ಶುರುವಾಗುವುದೇ ಸಾವಿನಿಂದ. 1945ರ ಸೆಪ್ಟೆಂಬರ್ 21ರಂದು ಕೋಬೆಯ ಸನ್ನೊಮಿಯಾ ನಿಲ್ದಾಣದಲ್ಲಿ ಸೆಯ್ತಾ ಎಂಬ 14ರ ಹುಡುಗ ಹಸಿವಿನಿಂದ ಸಾಯುತ್ತಾನೆ. ಆಮೇಲೆ ಹಿಂದಕ್ಕೆ ಹೋಗಿ ತಾಯಿಯ ಸಾವು, ದೂರದ ಬಂಧುವಿನ ಮನೆ, ಅಲ್ಲಿನ ಮೂದಲಿಕೆ, ಕೆರೆಯ ಪಕ್ಕದ ಗುಹೆ, 4 ವರ್ಷದ ಸೆತ್ಸುಕೊಳ ಸಾವು. ಸೆಯ್ತಾ ತಂಗಿಗಾಗಿ ಕದಿಯುತ್ತಾನೆ, ಏಟು ತಿನ್ನುತ್ತಾನೆ, ತನ್ನ ಪಾಲನ್ನೂ ಅವಳಿಗೆ ಕೊಡುತ್ತಾನೆ.

ಕಥೆ ಮುಚ್ಚಿಟ್ಟದ್ದು

ಇನ್ನು ನಾನು ಮೊದಲಿಗೆ ಹೇಳಿದ ಆ ಉಳಿದ ಅರ್ಧ.

ಕಥೆ ಪ್ರಕಟವಾಗಿ ಹೆಸರು ಬಂದ ಮೇಲೆ ನೊಸಾಕಾ ಮತ್ತೆ ಮತ್ತೆ ಬರೆದರು: ನಾನು ಸೆಯ್ತಾನಷ್ಟು ಒಳ್ಳೆಯವನಾಗಿರಲಿಲ್ಲ. ಗಂಜಿ ಕಾಯಿಸಿದಾಗ ತಳದಲ್ಲಿದ್ದ ಅಗುಳನ್ನು ತಾನು ತಿಂದು ಮೇಲಿನ ತಿಳಿಯನ್ನು ತಂಗಿಗೆ ಕುಡಿಸಿದ್ದನ್ನು ಒಪ್ಪಿಕೊಂಡರು. ರಾತ್ರಿ ಅವಳು ಅಳು ನಿಲ್ಲಿಸದಿದ್ದಾಗ ತಲೆಗೆ ಹೊಡೆದದ್ದನ್ನು, ಆ ಏಟಿಗೆ ಮಗು ಪ್ರಜ್ಞೆ ತಪ್ಪಿದ್ದನ್ನು ಬರೆದರು. ಆಶ್ರಯ ಕೊಟ್ಟ ಮನೆಯ ಹುಡುಗಿಯ ಮೇಲೆ ಮನಸ್ಸಾಗಿ ತಂಗಿಯ ಮೇಲಿನ ಗಮನ ತಪ್ಪಿದ್ದನ್ನೂ ಹೇಳಿದರು. ಇನ್ನೂ ತಡವಾಗಿ ಇನ್ನೊಂದು ಸತ್ಯ ಹೊರಬಂತು: ಸಾಕುತಾಯಿ ಆ ದಾಳಿಯಲ್ಲಿ ಸಾಯಲೇ ಇಲ್ಲ, ಬದುಕಿ ಉಳಿದಿದ್ದರು. ಕಥೆಯಲ್ಲಿ ಅವರನ್ನು ಸಾಯಿಸಲಾಗಿತ್ತು.

ಅಂದರೆ ಸೆಯ್ತಾ, ನೊಸಾಕಾ ಆಗಬೇಕಿದ್ದ ಅಣ್ಣ. ತಾನು ಆಗದೆ ಹೋದ ಆ ಅಣ್ಣನನ್ನು ಕಾಗದದ ಮೇಲೆ ಸೃಷ್ಟಿಸಿದರು, ಅವನನ್ನೂ ತಂಗಿಯ ಹಿಂದೆಯೇ ಸಾಯಿಸಿದರು. ತಾನು ಮಾತ್ರ ಬದುಕಿದರು, ಪ್ರಶಸ್ತಿ ತಗೊಂಡರು.

ಒಂದು ಕಥೆ ಜಪಾನಿನಲ್ಲಿ ಓಡಾಡುತ್ತದೆ. ನೊಸಾಕಾರ ಮಗಳಿಗೆ ಶಾಲೆಯಲ್ಲಿ, ಇದನ್ನು ಬರೆಯುವಾಗ ಲೇಖಕರ ಮನಃಸ್ಥಿತಿ ಏನಿತ್ತು ಅಂತ ಪ್ರಶ್ನೆ ಕೊಟ್ಟಿದ್ದರಂತೆ. ಮಗಳು ಅಪ್ಪನನ್ನೇ ಕೇಳಿದಳಂತೆ. ಡೆಡ್‌ಲೈನ್ ತಲೆಮೇಲಿತ್ತು, ಅಷ್ಟೇ ಅಂದರಂತೆ ಅಪ್ಪ. ಮಗಳು ಹಾಗೇ ಬರೆದಳು, ಟೀಚರು ತಪ್ಪು ಹಾಕಿದರು. ನಡೆದದ್ದೋ ಕಟ್ಟಿದ್ದೋ, ಮನುಷ್ಯನಿಗೆ ಹೊಂದುತ್ತದೆ. ತನ್ನ ಕಣ್ಣೀರನ್ನು ಪವಿತ್ರ ಅಂತ ಒಪ್ಪಿಕೊಳ್ಳದ ಮನುಷ್ಯ ಅವರು.

ಈ ತಪ್ಪೊಪ್ಪಿಗೆ ಯಾಕೆ ಮುಖ್ಯ? ಯುದ್ಧದ ಕಥೆ ಹೇಳುವಾಗ ನಾವು ಬಲಿಯಾದವರನ್ನು ದೇವರಂತೆ ಶುದ್ಧ ಮಾಡುತ್ತೇವೆ. ಮಗು ಮುದ್ದಾಗಿರಬೇಕು, ಅಣ್ಣ ತ್ಯಾಗಿಯಾಗಿರಬೇಕು. ಹಾಗಿದ್ದರೆ ಮಾತ್ರ ನಮಗೆ ಅಳು ಬರುತ್ತದೆ. ಹಸಿವು ಹಾಗಲ್ಲ. ಹಸಿವು 14 ವರ್ಷದ ಹುಡುಗನನ್ನು ಕಳ್ಳನನ್ನಾಗಿ, ಮಗುವಿಗೆ ಹೊಡೆಯುವವನನ್ನಾಗಿ ಮಾಡುತ್ತದೆ. ಯುದ್ಧದ ನಿಜವಾದ ಕ್ರೌರ್ಯ ಅಲ್ಲಿದೆ ಅಂತ ನೊಸಾಕಾ ಹೇಳಿದರು. ಹೇಳಲು ತಮ್ಮನ್ನೇ ಸಾಕ್ಷಿ ಕಟ್ಟೆಗೆ ಹತ್ತಿಸಿದರು.

ಕೋರ್ಟು ಮೆಟ್ಟಿಲು

ಅವರು ನಿಜವಾದ ಕಟಕಟೆಯನ್ನೂ ಹತ್ತಿದರು. 1972ರಲ್ಲಿ ‘ಒಮೊಶಿರೊ ಹಾಂಬುನ್’ ಎಂಬ ಮಾಸಿಕದ ಸಂಪಾದಕರಾಗಿದ್ದಾಗ, ದೊಡ್ಡ ಲೇಖಕ ನಗಾಯ್ ಕಾಫು ಬರೆದದ್ದೆಂದು ಹೇಳಲಾಗುವ ಒಂದು ಹಳೆಯ ಶೃಂಗಾರ ಕಥೆಯನ್ನು ಅಚ್ಚು ಹಾಕಿದರು. ದಂಡ ಸಂಹಿತೆಯ 175ನೇ ಕಲಮಿನಡಿ ಅಶ್ಲೀಲತೆಯ ಮೊಕದ್ದಮೆ ಬಿತ್ತು. ಇದೇ ಕಲಮಿನಡಿ ಲಾರೆನ್ಸ್‌ನ ‘ಲೇಡಿ ಚಾಟರ್ಲಿ’ಯ ಅನುವಾದಕ ಇತೊ ಸೆಯ್ ಅವರಿಗೆ 1957ರಲ್ಲಿ, ಸಾದ್‌ನ ಅನುವಾದಕ ಶಿಬುಸಾವಾ ತತ್ಸುಹಿಕೊ ಅವರಿಗೆ 1969ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿದಿತ್ತು.

ನೊಸಾಕಾ ತಪ್ಪಾಯಿತು ಅನ್ನಲಿಲ್ಲ. ಕಾದಂಬರಿಕಾರ ಮಾರುಯಾ ಸಾಯಿಚಿ ವಿಶೇಷ ವಕೀಲರಾಗಿ ನಿಂತರು, ಹೆಸರಾಂತ ಲೇಖಕರು ಸಾಕ್ಷಿ ಹೇಳಲು ಬಂದರು. ವಿಚಾರಣೆ ಸಾಹಿತ್ಯ ಗೋಷ್ಠಿಯಂತಾಯಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. 1980ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಖಾಯಂ ಮಾಡಿತು. ನೊಸಾಕಾಗೆ 1 ಲಕ್ಷ ಯೆನ್ ದಂಡ. ಆದರೆ ಕೃತಿಯ ಬಿಡಿ ಭಾಗವನ್ನಷ್ಟೇ ಹಿಡಿಯದೆ ಇಡಿಯಾಗಿ ನೋಡಿ ತೀರ್ಮಾನಿಸಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಗಟ್ಟಿಯಾಯಿತು. ಕೇಸು ಸೋತಿತು, ಮುಂದಿನವರಿಗೆ ಒಂದಿಷ್ಟು ಜಾಗ ಸಿಕ್ಕಿತು.

ಇದೇ ಕಾಲದಲ್ಲಿ ಅವರು ಗಾಯಕರೂ ಆಗಿದ್ದರು. 1971ರ ‘ಮರಿಲಿನ್ ಮನ್ರೋ ನೋ ರಿಟರ್ನ್’ ಅವರ ಒಡಕು ದನಿಯಲ್ಲೇ ಜನಪ್ರಿಯವಾಯಿತು. ಮಕ್ಕಳಿಗಾಗಿ ಯುದ್ಧದ ಕಥೆಗಳನ್ನೂ ಬರೆದರು. ಜಲಾಂತರ್ಗಾಮಿಯನ್ನು ಹೆಣ್ಣು ತಿಮಿಂಗಿಲ ಅಂದುಕೊಂಡು ಪ್ರೀತಿಸುವ ತಿಮಿಂಗಿಲದ ಕಥೆ ಅದರಲ್ಲೊಂದು. ಆ ಕಥೆಗಳೆಲ್ಲ 1945ರ ಆಗಸ್ಟ್ 15ನೇ ತಾರೀಕಿಗೇ ಕಟ್ಟಿಹಾಕಿಕೊಂಡಿವೆ. ಜಗತ್ತು ‘ಯುದ್ಧ ಮುಗಿಯಿತು’ ಅಂತ ಬರೆದ ದಿನ ಯಾರು ಯಾರು ಇನ್ನೂ ಸಾಯುತ್ತಿದ್ದರು ಅನ್ನೋದೇ ಅವುಗಳ ವಿಷಯ.

ಬಲಾಢ್ಯನ ಊರಿನಲ್ಲಿ ಚುನಾವಣೆ

1974ರಲ್ಲಿ ಮೇಲ್ಮನೆಗೆ ಟೋಕಿಯೊದಿಂದ ನಿಂತು ಸೋತಿದ್ದ ನೊಸಾಕಾ, 1983ರಲ್ಲಿ ‘ದಾಯ್-ನೀಯ್ನ್ ಕ್ಲಬ್’ ಎಂಬ ಸಣ್ಣ ಗುಂಪಿನ ಪಟ್ಟಿಯಿಂದ ಗೆದ್ದರು. ಆರು ವರ್ಷದ ಸೀಟು. ಆರಾಮಾಗಿ ಕೂರಬಹುದಿತ್ತು.

ಅದೇ ಅಕ್ಟೋಬರ್ 12ರಂದು ಟೋಕಿಯೊ ಜಿಲ್ಲಾ ನ್ಯಾಯಾಲಯ ಮಾಜಿ ಪ್ರಧಾನಿ ತನಾಕಾ ಕಾಕುಯೇಗೆ ಲಾಕ್‌ಹೀಡ್ ವಿಮಾನ ಖರೀದಿಯ ಲಂಚ ಪ್ರಕರಣದಲ್ಲಿ 4 ವರ್ಷ ಜೈಲು, 50 ಕೋಟಿ ಯೆನ್ ದಂಡ ವಿಧಿಸಿತು. ತನಾಕಾ ಮೇಲ್ಮನವಿ ಹಾಕಿದರು, ಸಂಸತ್ ಸ್ಥಾನ ಬಿಡಲಿಲ್ಲ. ಡಿಸೆಂಬರಿನಲ್ಲಿ ಕೆಳಮನೆಗೆ ಚುನಾವಣೆ ಬಂತು. ನೊಸಾಕಾ ಗೆದ್ದ ಸೀಟಿಗೆ ರಾಜೀನಾಮೆ ಕೊಟ್ಟು ತನಾಕಾರ ಸ್ವಂತ ಕ್ಷೇತ್ರ, ನೀಗಾತಾ 3ಕ್ಕೆ ಹೋಗಿ ನಿಂತರು. ತಾವು ಓದಿದ, ಅಪ್ಪ ಅಧಿಕಾರ ನಡೆಸಿದ ಪ್ರಾಂತ್ಯವೇ ಅದು.

ಡಿಸೆಂಬರ್ 18ರ ಫಲಿತಾಂಶ: ತನಾಕಾಗೆ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಮತ, ನೊಸಾಕಾಗೆ ಸುಮಾರು 28 ಸಾವಿರ. ಆ ಕ್ಷೇತ್ರದಿಂದ ಐದು ಜನ ಆಯ್ಕೆಯಾಗುವ ಪದ್ಧತಿ ಆಗ ಇತ್ತು. ಹಾಗಾಗಿ ತನಾಕಾರನ್ನು ಸೋಲಿಸಲೇಬೇಕು ಅಂತೇನಿರಲಿಲ್ಲ, ಐದನೆಯವರಾಗಿದ್ದರೂ ಸಾಕಿತ್ತು. ಅದೂ ಆಗಲಿಲ್ಲ.

ಯಾಕೆ ಹೀಗಾಯಿತು? ನೀಗಾತಾ ಹಿಮ ಬೀಳುವ, ಚಳಿಗಾಲದಲ್ಲಿ ಗಂಡಸರು ಕೂಲಿ ಹುಡುಕಿ ಟೋಕಿಯೊಗೆ ಹೋಗಬೇಕಾಗಿದ್ದ ಸೀಮೆ. ಅಲ್ಲಿಗೆ ರಸ್ತೆ, ಸುರಂಗ, ಬುಲೆಟ್ ಟ್ರೈನು ತಂದವರು ತನಾಕಾ. ‘ಎತ್ಸುಜಾನ್‌ಕಾಯ್’ ಎಂಬ ಅವರ ಬೆಂಬಲಿಗರ ಸಂಘ ಹಳ್ಳಿಹಳ್ಳಿಯ ಅಹವಾಲು ಕೇಳುತ್ತಿತ್ತು. ಲಂಚದ ತೀರ್ಪು ಟೋಕಿಯೊದ ಪತ್ರಿಕೆಗಳಿಗೆ ನೈತಿಕ ಪ್ರಶ್ನೆ; ಇಲ್ಲಿನವರಿಗೆ ತಮ್ಮವನ ಮೇಲೆ ಪಟ್ಟಣದವರು ಮಾಡಿದ ದಾಳಿ. ಟಿವಿಯಿಂದ ಬಂದ ಕಪ್ಪು ಕನ್ನಡಕದ ಲೇಖಕ ಭ್ರಷ್ಟಾಚಾರದ ಬಗ್ಗೆ ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಈ ಪಾಠವನ್ನು ನಾವೂ ಓದಬೇಕು. ಹಗರಣ ಬಯಲಾಯಿತು, ಇನ್ನೇನು ಜನ ತಿರುಗಿಬೀಳುತ್ತಾರೆ ಅಂತ ಟೈಮ್‌ಲೈನ್ ನೋಡಿ ನಂಬುವ ನನ್ನಂಥವರಿಗೆ ನೀಗಾತಾ 3 ಒಳ್ಳೆಯ ಔಷಧಿ. ಹಾಗಂತ ಆ ಸ್ಪರ್ಧೆ ವ್ಯರ್ಥವಾಯಿತು ಅಂತಲೂ ನಾನು ಹೇಳಲಾರೆ. ಗೆದ್ದ ಸೀಟು ಬಿಟ್ಟು ಸೋಲುವ ಕಡೆ ಹೋಗಿ ನಿಲ್ಲುವ ರಾಜಕಾರಣಿಯನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಸಿನಿಮಾ ಬಂದ ಮೇಲೆ

1988ರ ಏಪ್ರಿಲ್ 16ರಂದು ಸ್ಟುಡಿಯೊ ಜಿಬ್ಲಿಯ ಸಿನಿಮಾ ಬಿಡುಗಡೆಯಾಯಿತು, ‘ಮೈ ನೈಬರ್ ಟೊಟೊರೊ’ ಜೊತೆಗೆ ಒಂದೇ ಟಿಕೆಟ್ಟಿನಲ್ಲಿ. ನಿರ್ದೇಶಕ ತಕಾಹಾತಾ ಇಸಾವೊ ಕೂಡ 9ರ ವಯಸ್ಸಿನಲ್ಲಿ ಒಕಾಯಾಮಾ ನಗರದ ಬಾಂಬ್ ದಾಳಿಯಿಂದ ಬದುಕಿ ಬಂದವರು. ಇದನ್ನು ಬರೀ ಯುದ್ಧವಿರೋಧಿ ಸಿನಿಮಾ ಅಂತ ಕರೆಯುವುದನ್ನು ಅವರು ಒಪ್ಪಲಿಲ್ಲ. ಯುದ್ಧದ ಸಂಕಟ ತೋರಿಸಿದರಷ್ಟೇ ಮುಂದಿನ ಯುದ್ಧ ನಿಲ್ಲುವುದಿಲ್ಲ ಎಂಬುದು ಅವರ ವಾದ. ಮುಂದೊಂದು ಕಾಲಕ್ಕೆ ಜನ ಆ ಬಂಧುವಿನ ಪರ ನಿಂತು ಸೆಯ್ತಾನನ್ನೇ ಬಯ್ಯಬಹುದು ಎಂಬ ಆತಂಕವನ್ನೂ ಅವರು ಆಗಲೇ ಹೇಳಿದ್ದರು.

ಆ ಕಾಲ ಬಂದಾಗಿದೆ. ಜಪಾನಿನ ಸೋಶಿಯಲ್ ಮೀಡಿಯಾದಲ್ಲಿ, ಸೆಯ್ತಾ ಕೆಲಸ ಮಾಡದೆ ಸೊಕ್ಕಿನಿಂದ ಮನೆ ಬಿಟ್ಟ, ಮಾಡಿದ್ದುಣ್ಣೋ ಮಹಾರಾಯ ಎಂಬ ವಾದ ಮತ್ತೆ ಮತ್ತೆ ಬರುತ್ತದೆ. ಹಸಿದು ಸತ್ತ 14ರ ಹುಡುಗನನ್ನು ‘ಬೇಜವಾಬ್ದಾರಿ’ ಅನ್ನುವಾಗ, ಅವನನ್ನು ಆ ಸ್ಥಿತಿಗೆ ತಂದ ಸರ್ಕಾರ, ಸೇನೆ, ರೇಷನ್ ವ್ಯವಸ್ಥೆ ಎಲ್ಲವೂ ಚೌಕಟ್ಟಿನಿಂದ ಆಚೆ ಜಾರಿಬಿಡುತ್ತವೆ.

ಇದಕ್ಕೆ ಎದುರಾಗಿ ಇನ್ನೊಂದು ಟೀಕೆ ಇದೆ, ಅದನ್ನು ನಾನು ಗಂಭೀರವಾಗಿ ತಗೊಳ್ಳುತ್ತೇನೆ. ಸೆಯ್ತಾನ ತಂದೆ ನೌಕಾಪಡೆಯ ಅಧಿಕಾರಿ. ಆ ನೌಕಾಪಡೆ ಏಷ್ಯಾದಲ್ಲಿ ಏನು ಮಾಡುತ್ತಿತ್ತು ಅನ್ನೋದು ಕಥೆಯಲ್ಲಿಲ್ಲ. ಜಪಾನನ್ನು ಬರೀ ಬಲಿಪಶುವಿನಂತೆ ತೋರಿಸುತ್ತದೆ ಎಂಬ ಆಕ್ಷೇಪ ದಕ್ಷಿಣ ಕೊರಿಯಾದಲ್ಲಿ ಬಂದದ್ದು ಸುಮ್ಮನೆ ಅಲ್ಲ. ನೊಸಾಕಾ ತಮ್ಮ ವೈಯಕ್ತಿಕ ಅಪರಾಧವನ್ನು ಎಷ್ಟು ನಿಷ್ಠುರವಾಗಿ ತೆರೆದಿಟ್ಟರೋ, ದೇಶದ ಅಪರಾಧವನ್ನು ಈ ಕಥೆಯಲ್ಲಿ ಅಷ್ಟು ತೆರೆದಿಡಲಿಲ್ಲ. ಅವರ ಹೆಂಗಸರ ಪಾತ್ರಗಳು ಬಹುಪಾಲು ಗಂಡಸಿನ ಆಸೆಯ ಕಿಟಕಿಯಿಂದಲೇ ಕಾಣುತ್ತವೆ ಅನ್ನೋದನ್ನೂ ಇಂದಿನ ಓದುಗರು ಗಮನಿಸದೆ ಇರಲಾರರು.

ಕೊನೆಯ ದಿನಚರಿ

ವಯಸ್ಸಾದರೂ ರಂಪಾಟ ನಿಲ್ಲಲಿಲ್ಲ. 1990ರಲ್ಲಿ ನಿರ್ದೇಶಕ ಒಶಿಮಾ ನಗಿಸಾ ಅವರ ಮದುವೆಯ 30ನೇ ವರ್ಷದ ಪಾರ್ಟಿಯಲ್ಲಿ ಕುಡಿದು ಒಶಿಮಾಗೆ ಗುದ್ದಿದರು. ಒಶಿಮಾ ಕೈಯಲ್ಲಿದ್ದ ಮೈಕಿನಿಂದಲೇ ತಿರುಗಿ ಹೊಡೆದರು. ಟಿವಿ ಅದನ್ನು ಎಷ್ಟು ಸಲ ತೋರಿಸಿತೋ ಲೆಕ್ಕವಿಲ್ಲ. 2001ರಲ್ಲಿ ಮತ್ತೊಮ್ಮೆ ಮೇಲ್ಮನೆಗೆ ನಿಂತು ಸೋತರು. 2003ರಲ್ಲಿ ಪಾರ್ಶ್ವವಾಯು ಹೊಡೆಯಿತು. ಆಮೇಲಿನ 12 ವರ್ಷ ಹೆಂಡತಿಯ ನೆರವಿನಿಂದ ಬರೆದರು. ಅಕ್ಕಿ, ಹೊಲ, ಆಹಾರದ ಸ್ವಾವಲಂಬನೆ, ಯುದ್ಧ ಇವೇ ವಿಷಯ. ಅನ್ನವನ್ನು ಹೊರಗಿನಿಂದ ತರಿಸಿಕೊಂಡರಾಯಿತು ಅನ್ನುವವರ ಮೇಲೆ ಅವರಿಗೆ ಸಿಟ್ಟು. 1945ರಲ್ಲಿ ಅನ್ನ ಸಿಗದೆ ಹೋದವರ ಸಿಟ್ಟು ಅದು.

2015ರ ಸೆಪ್ಟೆಂಬರಿನಲ್ಲಿ ಅಬೆ ಶಿನ್ಜೊ ಸರ್ಕಾರ, ಮಿತ್ರದೇಶದ ಪರವಾಗಿಯೂ ಜಪಾನಿನ ಸೇನೆ ಹೋರಾಡಲು ದಾರಿ ಮಾಡಿಕೊಡುವ ಕಾನೂನುಗಳನ್ನು ಪಾಸು ಮಾಡಿತು. ಸಂಸತ್ತಿನ ಮುಂದೆ ವಿದ್ಯಾರ್ಥಿಗಳು ಸೇರಿದಂತೆ ಸಾವಿರಾರು ಜನ ಪ್ರತಿಭಟಿಸಿದರು. ಮೂರು ತಿಂಗಳೊಳಗೆ ನೊಸಾಕಾ ತೀರಿಕೊಂಡರು. ಅವರ ದಿನಚರಿಯ ಕೊನೆಯ ಮಾತು, ದೇಶದ ಮೇಲೆ ‘ಯುದ್ಧಕ್ಕೆ ಮುಂಚಿನ ಕಾಲ’ ಕವಿಯುತ್ತಿದೆ ಎಂಬ ಎಚ್ಚರಿಕೆಯೇ ಆಗಿತ್ತು.

ನೊಸಾಕಾರನ್ನು ಸಂತನನ್ನಾಗಿ ಮಾಡಬೇಡಿ, ಅವರೇ ಬಿಡಲಿಲ್ಲ. ಮುಂದಿನ ಸಲ ಆ ಸಿನಿಮಾದ ಫೋಟೊ ಹಂಚುವಾಗ ಮುದ್ದಾದ ಸೆತ್ಸುಕೊ ಜೊತೆಗೆ ಇನ್ನೊಬ್ಬನನ್ನೂ ನೆನಪಿಸಿಕೊಳ್ಳಿ: ತಂಗಿಯ ಪಾಲಿನ ಅಗುಳನ್ನು ತಿಂದ ಆ ಹುಡುಗನನ್ನು. ಇವತ್ತು ಯುದ್ಧ ನಡೆಯುತ್ತಿರುವ ಊರುಗಳಲ್ಲೂ ಅಂಥ ಹುಡುಗರು ಇದ್ದಾರೆ. ಅವರ ಫೋಟೊ ಯಾರೂ ಹಂಚುವುದಿಲ್ಲ. ಕದನವಿರಾಮ ಘೋಷಣೆಯಾದ ಮೇಲೂ ಅವರಿಗೆ ಅನ್ನ ಬೇಕು.